ಈ ತಿಂಗಳ ಬಾಡಿಗೆ ಧಾರಣೆ

ನನಗೆ ಸಿಟ್ಟು ಬರುವುದಿಲ್ಲ ಎಂದು ನಾನೇ ಒಮ್ಮೆ ಡೈರಿಯಲ್ಲಿ ಬರೆದಿಟ್ಟಿದ್ದೆ. ಆ ಸಾಲನ್ನು ಈಗ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೇನೆ. ಹೊಡೆದು ಹಾಕಿದ ದಿನಾಂಕವನ್ನೂ ಪಕ್ಕದಲ್ಲಿ ಬರೆದಿದ್ದೇನೆ. ಬರೆಯುವುದು, ಎಣಿಸುವುದು ನನಗೆ ಅಂಟಿದ ಚಟ. ಇದರಲ್ಲಿ ಅಪ್ಪನ ಪಾಲೂ ಇದೆ. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಅವರು ಮಗ್ಗದ ಮುಂದೆ ಕುಳಿತು ಎಳೆ ಎಣಿಸುವುದನ್ನು ನೋಡುತ್ತಲೇ ಬೆಳೆದೆ. ಒಂದು ಎಳೆ ತಪ್ಪಿದರೆ ಸೆರಗಿನ ನವಿಲು ಕುಂಟುತ್ತದೆ ಎನ್ನುತ್ತಿದ್ದರು. ದೊಡ್ಡವಳಾದ ಮೇಲೆ ಚಳ್ಳಕೆರೆಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿ, ಎಳೆಯ ಬದಲು ರಕ್ತಕಣ ಎಣಿಸಲು ಕುಳಿತೆ. ಬಸ್ಸು ಎಷ್ಟು ಹೊತ್ತಿಗೆ ಬಂತು, ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಅವ್ವ ಫೋನಿನಲ್ಲಿ ಮದುವೆಯ ಮಾತು ಎಷ್ಟು ಸಲ ತೆಗೆದಳು, ಎಲ್ಲಕ್ಕೂ ನನ್ನ ಬಳಿ ಲೆಕ್ಕವಿದೆ. ಇಂಥವಳ ಕೈಗೂ ಸಿಗದೆ ಓಡುವುದು ಲೋಕದಲ್ಲಿ ಒಂದೇ ಒಂದು. ಅದು ಮನೆ ಬಾಡಿಗೆ.

ನನ್ನ ಕಷ್ಟ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು ಬೆಳಗಿನ ಆರೂವರೆಗೇ ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಾರೆ. ಚಹಾ ಕುಡಿಯದೆ ನಿಂತ ಸಕ್ಕರೆ ಕಾಯಿಲೆಯವರ ಮುಂದೆ ಐದು ನಿಮಿಷ ತಡವಾಗಿ ಹೋಗಿ ನೋಡಿ, ಗೊತ್ತಾಗುತ್ತದೆ. ಮೊಳಕಾಲ್ಮುರಿನಿಂದ ನಾನು ಹಿಡಿಯಬಹುದಾದ ಮೊದಲ ಬಸ್ಸು ಬಿ.ಜಿ. ಕೆರೆಯಲ್ಲಿ ಪುರುಸೊತ್ತಾಗಿ ಜನ ಹತ್ತಿಸಿಕೊಂಡು, ಚಳ್ಳಕೆರೆ ಮುಟ್ಟುವುದು ಎಂಟರ ಹತ್ತಿರ. ಒಂದು ತಿಂಗಳು ಬರೆದಿಟ್ಟು ನೋಡಿದ್ದೇನೆ. ಏಳೂ ಮುಕ್ಕಾಲಿಗಿಂತ ಮುಂಚೆ ಒಂದು ದಿನವೂ ಬಂದಿಲ್ಲ. ಅಷ್ಟು ಹೊತ್ತಿಗೆ ರೋಗಿಗಳು ಎದುರಿನ ಹೋಟೆಲಿನಲ್ಲಿ ಇಡ್ಲಿ ಮುಗಿಸಿ ಕೈ ಒರೆಸಿಕೊಳ್ಳುತ್ತಿರುತ್ತಾರೆ. ಆದ್ದರಿಂದ ಚಳ್ಳಕೆರೆಯಲ್ಲಿ ರೂಮಿದ್ದರೆ ನನಗೆ ಕೆಲಸವಿದೆ, ರೂಮಿಲ್ಲದಿದ್ದರೆ ಕೆಲಸವೂ ಇಲ್ಲ. ಲ್ಯಾಬಿನ ಯಜಮಾನರು ಇದನ್ನು ನನಗೆ ಎರಡು ಸಲ ನಯವಾಗಿ, ಒಂದು ಸಲ ನಯವಿಲ್ಲದೆ ಹೇಳಿದ್ದಾರೆ.

ಆ ರೂಮು ಇರುವುದು ಮಹಾರುದ್ರಪ್ಪನವರ ಮಹಡಿಯ ಮೇಲೆ. ಅವರು ನಲವತ್ತು ವರ್ಷ ಶೇಂಗಾ ಮಂಡಿ ನಡೆಸಿದವರು. ಮಂಡಿಯಲ್ಲಿ ಬೆಳಿಗ್ಗೆ ಒಬ್ಬರನ್ನೊಬ್ಬರು ಕಂಡರೆ ಚೆನ್ನಾಗಿದ್ದೀರಾ ಎಂದು ಯಾರೂ ಕೇಳುವುದಿಲ್ಲ; ಇವತ್ತು ಏನು ನಡೀತೈತೆ ಎಂದು ಕೇಳುತ್ತಾರೆ. ಅಂದರೆ ಇವತ್ತಿನ ಧಾರಣೆ ಎಷ್ಟು ಎಂದು. ಮಹಾರುದ್ರಪ್ಪನವರು ಮಂಡಿ ಮುಚ್ಚಿ ಮೂರು ವರ್ಷವಾಯಿತು. ಈಗ ಮಾರಲು ಶೇಂಗಾ ಇಲ್ಲ. ಇರುವುದು ನನ್ನ ರೂಮು, ಹಿತ್ತಿಲ ಕಡೆ ಇನ್ನೊಂದು ರೂಮು. ಆ ಎರಡು ರೂಮುಗಳನ್ನೇ ಅವರು ಎರಡು ರಾಶಿ ಶೇಂಗಾ ಎಂದು ತಿಳಿದಂತಿದೆ. ತಿಂಗಳ ಮೊದಲನೇ ತಾರೀಖು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತು ಉಸಿರು ಹಿಡಿದು, ಬಾಡಿಗೆ ನೂರೋ ಇನ್ನೂರೋ ಏರಿದ ಸುದ್ದಿ ಹೇಳುತ್ತಾರೆ. ಏರಿಸಿದೆ ಎಂದು ಎಂದೂ ಹೇಳಿದವರಲ್ಲ. ಮಳೆ ಬಂತು, ಗಾಳಿ ಬಂತು ಎನ್ನುವ ಹಾಗೆ, "ಧಾರಣೆ ಏರೈತಮ್ಮ, ನಾನೇನ್ ಮಾಡ್ಲಿ," ಎನ್ನುತ್ತಾರೆ. ಮೂರು ಸಾವಿರಕ್ಕೆ ಬಂದ ನಾನು ಆರು ತಿಂಗಳಲ್ಲಿ ಮೂರು ಸಾವಿರದ ಎಂಟುನೂರಕ್ಕೆ ಬಂದು ನಿಂತದ್ದು ಹೀಗೆ. ಶೇಂಗಾ ಧಾರಣೆ ಏರಿದ ಹಾಗೆ ಇಳಿಯುತ್ತಲೂ ಇತ್ತಲ್ಲ, ಇದೇಕೆ ಇಳಿಯುವುದಿಲ್ಲ ಎಂದು ಒಮ್ಮೆ ಕೇಳಿದೆ. ಅವರು ನನ್ನನ್ನು ಮರುಕದಿಂದ ನೋಡಿ, "ಶೇಂಗಾಕ್ಕೆ ಹುಳ ಬೀಳ್ತೈತಮ್ಮ, ರೂಮಿಗೆ ಹುಳ ಬೀಳ್ತೈತಾ?" ಎಂದರು. ಬೀಳುತ್ತದೆ. ಅಡುಗೆ ಕಟ್ಟೆಯ ಕೆಳಗಿನ ಜಿರಲೆಗಳನ್ನು ಎಣಿಸಿ ಇಟ್ಟಿದ್ದೆ. ಆದರೆ ಹೇಳಿದರೆ ಅವಕ್ಕೂ ತಲೆಗಿಷ್ಟು ಎಂದು ಬಾಡಿಗೆ ಹಾಕಿಯಾರೆಂದು ಬಾಯಿ ಮುಚ್ಚಿಕೊಂಡೆ.

ಅಂದೇ ತೀರ್ಮಾನಿಸಿದೆ. ಇವರು ಧಾರಣೆ ಎನ್ನುವುದಾದರೆ ಊರಿನ ನಿಜವಾದ ಧಾರಣೆ ಏನೆಂದು ನಾನೇ ಪತ್ತೆ ಮಾಡುತ್ತೇನೆ. ಕಡಿಮೆಗೆ ಒಂದು ರೂಮು ಸಿಕ್ಕರೆ ಆಷಾಢಕ್ಕೆ ಮುಂಚೆ ಗಂಟು ಕಟ್ಟುತ್ತೇನೆ. ಆಷಾಢ ಹಿಡಿದರೆ ಯಾರೂ ಮನೆ ಬದಲಿಸುವುದಿಲ್ಲ, ಯಾರೂ ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ. ಇನ್ನೂರು ಪುಟದ ಉದ್ದನೆಯ ಪುಸ್ತಕ ತಂದು ಗೆರೆ ಎಳೆದೆ: ಬೀದಿ, ರೂಮಿನ ಅಳತೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಅಡ್ವಾನ್ಸ್, ಬಾಡಿಗೆ. ಕೊನೆಯಲ್ಲಿ, ಕೇಳಿದ ಪ್ರಶ್ನೆಗಳು. ಮೊದಲು ಆ ಕೊನೆಯ ಅಂಕಣವನ್ನು ಸಣ್ಣದಾಗಿ ಬಿಟ್ಟಿದ್ದೆ. ಮೂರನೇ ಭಾನುವಾರದ ಹೊತ್ತಿಗೆ ಅದಕ್ಕೇ ಬೇರೆ ಪುಟ ಬೇಕಾಯಿತು.

ಮನೆ ನೋಡಲು ಹೋದವಳು ನಾನು; ಮನೆಯನ್ನು ಮಾತ್ರ ಯಾರೂ ತೋರಿಸಲಿಲ್ಲ, ನನ್ನನ್ನೇ ನೋಡಿದರು. ಒಬ್ಬರೇನಾ ಎಂದು ಕೇಳಿದವರು ಮೂವತ್ತೊಂದು ಮಂದಿ. ಒಬ್ಬಳೇ ಎಂದರೆ ಯಾಕೆ ಒಬ್ಬಳೇ ಎಂದವರು ಹದಿನೆಂಟು. ಮೊಟ್ಟೆ ಬೇಯಿಸುತ್ತೀಯಾ ಎಂದವರು ಹದಿಮೂರು. ತಮ್ಮ ಬರುತ್ತಾನೆ ಎಂದರೆ ಸ್ವಂತ ತಮ್ಮನಾ ಎಂದವರು ಒಂಬತ್ತು. ಗಂಡಸರು ರೂಮು ಕೇಳಿದರೆ ಇವರೆಲ್ಲ ಸಂಬಳ ಎಷ್ಟು ಎಂದಷ್ಟೇ ಕೇಳುತ್ತಾರೆ. ನನ್ನ ಸಂಬಳವನ್ನು ಒಬ್ಬರೂ ಕೇಳಲಿಲ್ಲ. ನಾಲ್ಕು ಗೋಡೆ, ಒಂದು ಸಿಂಕು ಇಟ್ಟುಕೊಂಡವರಿಗೆಲ್ಲ ಎದುರಿಗಿರುವವಳ ನಡತೆಗೆ ಅಂಕ ಕೊಡುವ ಅಧಿಕಾರ ಯಾರು ಕೊಟ್ಟರೋ ಕಾಣೆ. ಇವೆಲ್ಲಕ್ಕೂ ಮೇಲೆ, ಬಾಯಿ ಬಿಟ್ಟು ಕೇಳಲಾಗದೆ ಸುತ್ತಿ ಬಳಸಿ ಕೇಳುವ ಪ್ರಶ್ನೆಯೊಂದಿದೆ. ಹಳೆಯ ಎಣ್ಣೆ ಗಿರಣಿಯ ಹಿಂದಿನ ಬೀದಿಯಲ್ಲಿ ಒಬ್ಬ ಗೃಹಿಣಿ ನೀರು ಕೊಟ್ಟು, ಕೂರಿಸಿ, ಸೆರಗು ತಿರುವುತ್ತಾ, "ಅಲ್ಲಮ್ಮಾ, ನಿಮ್ದು ಯಾವ್ದು?" ಎಂದರು. ಹಿಂದಿನ ಐದು ಮನೆಗಳಲ್ಲೂ ಇದೇ ಕೇಳಿ ನನಗೆ ನೆತ್ತಿ ಕಾದಿತ್ತು. "ಬಿ ಪಾಸಿಟಿವ್," ಎಂದೆ. ಆಕೆ ಗಂಭೀರವಾಗಿ ತಲೆಯಾಡಿಸಿ ಒಳಗೆ ಹೋದರು. ಒಳಗೆ ಗಂಡನೊಂದಿಗೆ ಪಿಸುಮಾತು ನಡೆಯಿತು. ಹೊರಬಂದು, "ಬ್ಯಾಸ್ರ ಮಾಡ್ಕಬ್ಯಾಡಮ್ಮ, ನಮ್ ಯಜಮಾನ್ರು ಅವ್ರಿಗೆ ಕೊಡಾದು ಬ್ಯಾಡ ಅಂದ್ರು," ಎಂದರು. ಮುಂದಿನ ವಾರ ಆ ಯಜಮಾನರೇ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ನಮ್ಮ ಲ್ಯಾಬಿಗೆ ಬಂದರು. ರಕ್ತದ ಗುಂಪನ್ನೂ ನೋಡಬೇಕಾಗಿತ್ತು, ನೋಡಿದೆ. ಬಿ ಪಾಸಿಟಿವ್. ರಿಪೋರ್ಟು ಕೊಡುವಾಗ ನಿಮ್ಮನ್ನು ಯಾರು ಮನೆಯಲ್ಲಿಟ್ಟುಕೊಂಡರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸೂಜಿ ಮಾತ್ರ ಎಂದಿಗಿಂತ ಸ್ವಲ್ಪ ನಿಧಾನವಾಗಿ ಚುಚ್ಚಿದ್ದೆ ಎಂದು ಡೈರಿಯಲ್ಲಿ ಒಪ್ಪಿಕೊಂಡಿದ್ದೇನೆ.

ಇನ್ನೊಂದು ಮನೆಯ ಗೇಟಿಗೆ 'ಬಾಡಿಗೆಗೆ ಇದೆ' ಎಂಬ ಬೋರ್ಡು ತೂಗುತ್ತಿತ್ತು. ಮೂರು ಭಾನುವಾರ ಹೋದರೂ ಬೋರ್ಡು ಹಾಗೇ ಇತ್ತು, ರೂಮಿಗೆ ಬೀಗವೂ ಹಾಗೇ ಇತ್ತು. ನಾಲ್ಕನೇ ಭಾನುವಾರ ಮಾಲೀಕರನ್ನು ಹಿಡಿದು, ಯಾವಾಗ ಕೊಡುತ್ತೀರಿ ಎಂದು ಕೇಳಿದೆ. ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಾ ಕುಳಿತಿದ್ದ ಅವರು, "ಕೊಡಾಕೆ ಅಲ್ಲಮ್ಮಾ, ಕೇಳಿಸ್ಕೊಳ್ಳಾಕೆ," ಎಂದರು. ಜನ ಎಷ್ಟು ಕೊಡಲು ತಯಾರಿದ್ದಾರೆಂದು ತಿಂಗಳು ತಿಂಗಳು ತಿಳಿದುಕೊಂಡರೆ ತಮ್ಮ ಆಸ್ತಿಯ ಬೆಲೆ ತಮಗೆ ಗೊತ್ತಿರುತ್ತದಂತೆ. ನಾಲ್ಕು ಭಾನುವಾರ ಬಿಸಿಲಲ್ಲಿ ನಡೆದ ನನ್ನ ಕಾಲುಗಳೆರಡೂ ಒಟ್ಟಿಗೆ ಉರಿದವು. "ಹಂಗಾರೆ ಏಳು ಸಾವಿರ ಅಂತ ಕೇಳಿಸ್ಕಳ್ರಿ," ಎಂದು ಹೇಳಿ ಗೇಟು ದಡ್ಡನೆ ಹಾಕಿಕೊಂಡು ಬಂದೆ. ಅವರ ಮುಖ ಅರಳಿದ್ದನ್ನು ಬೆನ್ನಿನಿಂದಲೇ ಕಂಡೆ. ರೂಮಿಗೆ ಬಂದು ಪುಸ್ತಕ ತೆಗೆದರೆ ಬಾಡಿಗೆಯ ಅಂಕಣ ಖಾಲಿ. ಖಾಲಿ ಬಿಡುವುದು ನನ್ನ ಜಾಯಮಾನವಲ್ಲ. ಏಳು ಸಾವಿರ ಎಂದು ಬರೆದೆ.

ಆ ತಿಂಗಳು ಎರಡು ದಿನಕ್ಕೆ ಊರಿಗೆ ಹೋದಾಗ ಪಕ್ಕದ ಮನೆಯ ನರಸಮ್ಮಜ್ಜಿಯ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಮೊಳಕಾಲ್ಮುರಿನಲ್ಲಿ ಅಜ್ಜಿಯ ಎರಡು ಕೋಣೆ ಖಾಲಿ ಬಿದ್ದಿವೆ; ಬಾಡಿಗೆಗೆ ಕೇಳುವವರಿಲ್ಲ. ಚಳ್ಳಕೆರೆಯಲ್ಲಿ ಮೆಟ್ಟಿಲ ಕೆಳಗಿನ ಗೂಡಿಗೆ ಕೊಡುವ ದುಡ್ಡಿಗೆ ಇಲ್ಲಿ ಅಂಗಳ, ಬಾವಿ, ನುಗ್ಗೆ ಮರ ಸಹಿತ ಮನೆ ಸಿಗುತ್ತದೆ. ಅಜ್ಜಿಗೆ ಕನ್ನಡದಷ್ಟೇ ತೆಲುಗೂ ಬಾಯಲ್ಲಿ. ಎಲ್ಲ ಕೇಳಿ, "ಊರಿಕೆ ಉಂಡು ತಲ್ಲೀ," ಎಂದರು. ಊರಿಕೆ ಉಂಡು ಎಂದರೆ ಸುಮ್ಮನೆ ಇರು ಎಂದು. ಬಾಡಿಗೆ ಇಲ್ಲದೆ ಸುಮ್ಮನೆ ಬಂದಿರು ಎನ್ನುತ್ತಿದ್ದಾರೆ ಎಂದುಕೊಂಡು ನನ್ನ ಕಣ್ಣು ತುಂಬಿತು. ಬೆಳಗಿನ ಆರೂವರೆಯ ಕಷ್ಟವನ್ನು ವಿವರಿಸಿ, ಅವರ ದೊಡ್ಡ ಮನಸ್ಸಿಗೆ ಕೈಮುಗಿದು ಬಂದೆ. ಅಜ್ಜಿ ಹೇಳಿದ್ದು ಬಾಯಿ ಮುಚ್ಚಿಕೊಂಡು ಸುಮ್ಮನಿರು ಎಂದು ಇದ್ದೀತೆಂಬುದು ಹೊಳೆದದ್ದು ಮುಂದಿನ ತಿಂಗಳು.

ಮೇ ತಿಂಗಳ ಕೊನೆಗೆ ಪುಸ್ತಕ ತುಂಬಿತ್ತು. ಕಡಿಮೆಗೆ ರೂಮು ಸಿಕ್ಕಿರಲಿಲ್ಲ, ನಿಜ. ಸಿಕ್ಕ ಕಡೆಯವರಿಗೆ ನಾನು ಬೇಕಿರಲಿಲ್ಲ. ಆದರೆ ಲೆಕ್ಕ ನನ್ನ ಪರವಾಗಿತ್ತು. ನನ್ನಂಥ ರೂಮಿಗೆ ನಮ್ಮ ಸುತ್ತಿನ ಬೀದಿಗಳಲ್ಲಿ ನಡೆಯುತ್ತಿದ್ದುದು ಮೂರು ಸಾವಿರದ ನೂರರ ಹತ್ತಿರ. ಜೂನ್ ಒಂದರಂದು ಮಹಾರುದ್ರಪ್ಪನವರು ಬಾಯಿ ತೆರೆಯುವ ಮೊದಲೇ ಪುಸ್ತಕವನ್ನು ಅವರ ಕೈಗಿಟ್ಟು, ಇಗೋ ಧಾರಣೆ ಎಂದೆ. ಅವರು ಕನ್ನಡಕ ಏರಿಸಿ, ಮೆಟ್ಟಿಲ ಮೇಲೇ ಕುಳಿತು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ನಲವತ್ತು ವರ್ಷ ಮಂಡಿಯ ಖಾತೆ ನೋಡಿದ ಕಣ್ಣು. "ಎಷ್ಟ್ ಅಚ್ಚುಕಟ್ಟಾಗಿ ಬರ್ದೀಯಮ್ಮಾ," ಎಂದರು. ನನ್ನ ಅಕ್ಷರವನ್ನು ಶಾಲೆ ಬಿಟ್ಟ ಮೇಲೆ ಯಾರೂ ಹೊಗಳಿರಲಿಲ್ಲ. ಒಂದು ದಿನದ ಮಟ್ಟಿಗೆ ಕೊಟ್ಟಿರು ಎಂದರು, ಕೊಟ್ಟೆ. ಸಂಜೆಗೇ ವಾಪಸು ಬಂತು, ಒಂದು ಮಡಿಕೆಯೂ ಇಲ್ಲದೆ.

ಮುಂದಿನ ಭಾನುವಾರ, ಕೊನೆಯ ಪ್ರಯತ್ನವೆಂದು, ಮೂರು ಸಾವಿರ ಹೇಳಿದ್ದ ಮನೆಯೊಂದಕ್ಕೆ ಮತ್ತೆ ಹೋದೆ. ಆ ಮನೆಯಾಕೆ ಈಗ ಐದು ಎಂದರು. ಹದಿನೈದು ದಿನದ ಹಿಂದೆ ಮೂರು ಅಂದಿದ್ದಿರಲ್ಲ ಎಂದರೆ, ಆಕೆ ಒಳಗಿನಿಂದ ಒಂದು ಜೆರಾಕ್ಸ್ ತಂದು ನನ್ನ ಮುಂದೆ ಹಿಡಿದರು. "ಪಟ್ಟಿ ಬಂದೈತಮ್ಮ. ಏಳರ ತಂಕ ನಡೀತೈತೆ. ಮೂರಕ್ಕೆ ಕೊಡಾಕೆ ನಮಗೇನು ಹುಚ್ಚಾ?" ದುಂಡಗಿನ ಅಕ್ಷರ, ಸ್ಕೇಲಿಟ್ಟು ಎಳೆದ ಗೆರೆ, ಮೂಲೆಯಲ್ಲಿ ದಿನಾಂಕ. ನನ್ನ ಪುಸ್ತಕ. ಮಹಾರುದ್ರಪ್ಪನವರು ಬೆಳಿಗ್ಗೆ ಕಟ್ಟೆಯ ಮೇಲೆ ಕೂರುವ ಹಳೆಯ ಮಂಡಿ ಗೆಳೆಯರಿಗೆಲ್ಲ ಒಂದೊಂದು ಪ್ರತಿ ಹಂಚಿದ್ದರು. ಗೆಳೆಯರು ತಮ್ಮ ಬೀಗರಿಗೆ, ಬೀಗರು ತಮ್ಮ ಬೀದಿಗೆ. ಇಡೀ ಪಟ್ಟಿಯಲ್ಲಿ ಜನ ಓದಿದ್ದು ಒಂದೇ ಸಾಲು. ಸಿಟ್ಟಿನಲ್ಲಿ ನಾನು ಗೇಟಿಗೆ ಎಸೆದು ಬಂದ ಏಳು ಸಾವಿರ ಈಗ ಚಳ್ಳಕೆರೆಯ ಧಾರಣೆಯಾಗಿತ್ತು.

ಮನೆಗೆ ಹೋದವಳು ನೇರ ಮಹಾರುದ್ರಪ್ಪನವರ ನಡುಮನೆಗೆ ನುಗ್ಗಿದೆ. ಯಾವ ಮಾತು ಆಡಿದೆನೋ ಪೂರ್ತಿ ಬರೆದಿಟ್ಟಿಲ್ಲ. ಬರೆಯುವ ಹಾಗೂ ಇರಲಿಲ್ಲ. ಅವರು ಕೊನೆಯವರೆಗೂ ಕೇಳಿ, ನೀರು ತರಿಸಿ ಕೊಟ್ಟು, ನಿಧಾನವಾಗಿ ಹೇಳಿದರು: "ನಿನ್ ಕೈಬರಾನೇ ಐತಲ್ಲಮ್ಮ. ಏಳು ಅಂತ ಬರ್ದೋಳು ನೀನೇ. ನಾನು ನಮ್ ಹುಡುಗಿ ಅಂತ ಐದೇ ಹೇಳ್ತಾ ಇರಾದು." ಎರಡು ಸಾವಿರ ಉಳಿಸಿಕೊಟ್ಟ ಉಪಕಾರಿಯ ಮುಖ ಅದು. ಐದು ಕೊಡಲು ನನ್ನಿಂದಾಗದು ಎಂದೆ. ಆಷಾಢಕ್ಕೆ ಹನ್ನೊಂದು ದಿನ ಉಳಿದಿತ್ತು. ಅವರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, "ಒಂದ್ ಕೆಲ್ಸ ಮಾಡು. ಹಳೆ ಬಾಡಿಗೆಗೇ ಇರು. ತಿಂಗಳಾ ತಿಂಗಳಾ ಪಟ್ಟಿ ಮಾತ್ರ ಮಾಡ್ಕೊಡು," ಎಂದರು.

ಆ ಕ್ಷಣ ನಾನು ಏನು ಹೇಳಬೇಕಿತ್ತು ಎಂಬುದನ್ನು ಆಮೇಲೆ ಡೈರಿಯಲ್ಲಿ ಒಂದೂವರೆ ಪುಟ ಬರೆದಿದ್ದೇನೆ. ಬಹಳ ಖಾರವಾಗಿದೆ, ವ್ಯಾಕರಣವೂ ಶುದ್ಧವಾಗಿದೆ. ಹೇಳಿದ್ದು ಮಾತ್ರ, ಆಗಲಿ ಎಂದು. ಖಾಲಿ ಹೊಟ್ಟೆಯ ರಕ್ತ ಬೆಳಗಿನ ಆರೂವರೆಗೆ ಕಾಯುತ್ತಿರುತ್ತದೆ. ಅದಕ್ಕೆ ನನ್ನ ಒಂದೂವರೆ ಪುಟದಿಂದ ಏನೂ ಆಗಬೇಕಾಗಿಲ್ಲ. ಹೀಗೆ ನಾನು ಈಗ ಊರಿನ ಬಾಡಿಗೆ ಪಟ್ಟಿಯನ್ನು ತಿಂಗಳಿಗೊಮ್ಮೆ ತಯಾರಿಸುತ್ತೇನೆ. ಸುಳ್ಳು ಬರೆದು ಧಾರಣೆ ಇಳಿಸಿಬಿಡೋಣ ಎಂದು ಮೊದಲ ತಿಂಗಳು ಯೋಚಿಸಿದ್ದುಂಟು. ಕೈ ಬರಲಿಲ್ಲ. ಒಂದು ಸುಳ್ಳು ಏಳು ಸಾವಿರ ಬರೆದು ಆದ ಕಥೆಯೇ ಸಾಕಾಗಿತ್ತು.

ಹೋದ ವಾರ ನಾಯಕನಹಟ್ಟಿಯ ಕಡೆಯ ಹುಡುಗಿಯೊಬ್ಬಳು, ಇಲ್ಲಿನ ಆಸ್ಪತ್ರೆಯೊಂದಕ್ಕೆ ಹೊಸದಾಗಿ ಸೇರಿದ ನರ್ಸು, ಹಿತ್ತಿಲ ರೂಮು ಕೇಳಿಕೊಂಡು ಬಂದಳು. ಮಹಾರುದ್ರಪ್ಪನವರು ಕುರ್ಚಿಯಿಂದ ಏಳದೆ, "ಮ್ಯಾಲೆ ಹೋಗಿ ಕೇಳಮ್ಮ, ಏನ್ ನಡೀತೈತೆ ಅಂತ ಅವಳಿಗೇ ಗೊತ್ತು," ಎಂದು ಕಳಿಸಿದರು. ಬಿಸಿಲಲ್ಲಿ ನಡೆದು ಅವಳ ಮುಖ ಕೆಂಪಾಗಿತ್ತು; ಚಪ್ಪಲಿಯ ಮೇಲೆಲ್ಲ ಧೂಳು. ಆ ಧೂಳು ಯಾವ ಬೀದಿಯದೆಂದು ನಾನು ನೋಡಿಯೇ ಹೇಳಬಲ್ಲೆ. "ಅಕ್ಕಾ, ಆ ರೂಮು ಹೆಂಗೈತೆ?" ಎಂದಳು. ಕೂರು ಎಂದೆ, ನೀರು ಕೊಟ್ಟೆ. ಈ ಹುಡುಗಿಗಾದರೂ ನ್ಯಾಯವಾದ ಬಾಡಿಗೆ ಹೇಳಬೇಕು ಎಂದುಕೊಳ್ಳುತ್ತಾ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಅವಳನ್ನು ಮೇಲಿಂದ ಕೆಳಗೆ ನೋಡಿ, ಬಾಯಿ ತೆರೆದೆ.

"ಒಬ್ಬಳೇನಾ?" ಎಂದು ಕೇಳಿದೆ.

ಅವಳು ಹೋದ ಮೇಲೆ ಪುಸ್ತಕದ ಕೊನೆಯ ಪುಟ ತಿರುಗಿಸಿ, 'ಒಬ್ಬರೇನಾ' ಎಂಬುದರ ಎದುರಿನ ಮೂವತ್ತೊಂದರ ಪಕ್ಕದಲ್ಲಿ ಇನ್ನೊಂದು ಗೀಟು ಎಳೆದೆ. ದಿನಾಂಕವನ್ನೂ ಬರೆದೆ.