ಬೀಗಿತ್ತಿಯ ಸೀರೆ ಮತ್ತು ಹಾರುವ ಕುದುರೆ

ಐವತ್ತು ದಾಟಿದ ಗಂಡಸಿಗೆ ಒಂದಾದರೂ ಗುಟ್ಟು ಇರಬೇಕು ಎಂದು ನಂಬಿದವನು ನಾನು. ಕೆಲವರು ಕದ್ದು ಬೀಡಿ ಸೇದುತ್ತಾರೆ. ಸಕ್ಕರೆ ಕಾಯಿಲೆಯವರು ಕದ್ದು ಪೇಡೆ ತಿನ್ನುತ್ತಾರೆ. ನಾನು ಕದ್ದು ರಾಜಕುಮಾರಿಯ ಪ್ರೇಮಕಥೆ ಬರೆಯುತ್ತೇನೆ. ಅದೂ ಹೆಂಗಸಿನ ಹೆಸರಿನಲ್ಲಿ. ಮೊಬೈಲಿನ ಒಂದು ಕಥೆಗಳ ಆ್ಯಪಿನಲ್ಲಿ ‘ನೀಲವೇಣಿ’ ಎಂಬ ಲೇಖಕಿ ವಾರಕ್ಕೆರಡು ಕಂತು ಬರೆಯುತ್ತಾಳಲ್ಲ, ಆ ನೀಲವೇಣಿಗೆ ಬಕ್ಕತಲೆಯಿದೆ, ಮೊಣಕಾಲು ನೋವಿದೆ, ಮೂಗಿನ ತುದಿಯಲ್ಲಿ ಕನ್ನಡಕವಿದೆ. ಓದುಗರಿಗೆ ಇದು ಗೊತ್ತಾದರೆ ಅವರ ಮನಸ್ಸಿಗೆ ಎಷ್ಟು ನೋವಾದೀತು ಎಂದು ನೆನೆದು ನಾನೇ ಎಷ್ಟೋ ಸಲ ಮರುಗಿದ್ದೇನೆ.

ಈ ಚಟ ಹತ್ತಿದ್ದಕ್ಕೆ ನನ್ನ ಉದ್ಯೋಗವೇ ಕಾರಣ. ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಅರ್ಜಿ, ಕರಾರುಪತ್ರ ಎಲ್ಲ ಟೈಪು ಮಾಡಿಕೊಡುತ್ತೇನಾದರೂ ಅನ್ನ ಹಾಕುವುದು ಲಗ್ನಪತ್ರಿಕೆಯೇ. ಕಾಗದದ ಮೇಲೆ ನಾನು ಮಾಡಿಸಿದಷ್ಟು ಮದುವೆಯನ್ನು ಯಾವ ಶಾಸ್ತ್ರಿಗಳೂ ಮಾಡಿಸಿರಲಿಕ್ಕಿಲ್ಲ. ಒಂದು ಸಲ ಹುಡುಗಿಯ ಸೋದರಮಾವನೊಬ್ಬ ಅಚ್ಚಾದ ಪತ್ರಿಕೆ ಹಿಡಿದುಕೊಂಡು ಬಂದು, ಅಂಗಿಯ ಗುಂಡಿಯಿಂದ ಎಳೆದ ದಾರದಲ್ಲಿ ತನ್ನ ಹೆಸರನ್ನೂ ಇನ್ನೊಬ್ಬ ಮಾವನ ಹೆಸರನ್ನೂ ಅಳೆದು ತೋರಿಸಿದ. ಅವನದು ಅರ್ಧ ಅಕ್ಷರದಷ್ಟು ಗಿಡ್ಡವಾಗಿತ್ತು. ಪತ್ರಿಕೆ ಮತ್ತೆ ಅಚ್ಚಾಯಿತು. ಇಂಥದ್ದನ್ನೆಲ್ಲ ವರ್ಷಾನುಗಟ್ಟಲೆ ನೋಡಿದವನಿಗೆ ಯಾರೂ ದಾರ ತಂದು ಅಳೆಯದಂಥ ಒಂದು ಮದುವೆಯನ್ನು ನಾನೇ ಯಾಕೆ ಮಾಡಿಸಬಾರದು ಅನ್ನಿಸಿತು. ಮಧ್ಯಾಹ್ನ ಕರೆಂಟು ಹೋಗಿ ಗಿರಾಕಿಗಳಿಲ್ಲದಾಗ ಮೊಬೈಲಿನಲ್ಲೇ ಬರೆಯಲು ಕುಳಿತೆ. ಹೀಗೆ ಹುಟ್ಟಿದ್ದು ‘ವಜ್ರಪುರದ ವಧು.’

ಕಥೆ ಸರಳ. ವಜ್ರಪುರಕ್ಕೂ ಅಮೃತಾವತಿಗೂ ನೂರು ವರ್ಷದ ಹಗೆತನ. ಅದು ಮುಗಿಯಲೆಂದು ಹಿರಿಯರು ವಜ್ರಪುರದ ಯುವರಾಜ ವಿಕ್ರಾಂತನಿಗೆ ಅಮೃತಾವತಿಯ ರಾಜಕುಮಾರಿಯನ್ನು ನಿಶ್ಚಯಿಸುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ಅವನ ಬಳಿ ಹಾರುವ ಕುದುರೆಯಿದೆ, ಅವಳಿಗೆ ಹೊಳೆಯ ಮಾತು ತಿಳಿಯುತ್ತದೆ. ಮೊದಲು ಮದುವೆ, ಆಮೇಲೆ ಪ್ರೀತಿ. ನಮ್ಮ ಕಡೆ ನಡೆಯುವುದೂ ಇಷ್ಟೇ, ಕುದುರೆಯೊಂದು ಹೆಚ್ಚು. ಎಲ್ಲವೂ ನನ್ನ ಕಲ್ಪನೆಯೆಂದು ನಾನು ಹೆಮ್ಮೆಪಟ್ಟುಕೊಂಡಿದ್ದರೆ, ಎರಡನೆಯ ಕಂತಿಗೇ ಓದುಗರು ಹಿಡಿದುಬಿಟ್ಟರು. ಗುಡ್ಡದ ಕೆಳಗಿನ ವಜ್ರಪುರ ಅಂದರೆ ಜಮಖಂಡಿ. ಹೊಳೆದಂಡೆ, ಕಬ್ಬು, ಅರಮನೆಯ ಬಾಗಿಲಲ್ಲಿ ಸಣ್ಣ ನಡುವಿನ ಉದ್ದ ಕಾಲಿನ ಬೇಟೆನಾಯಿಗಳಿರುವ ಅಮೃತಾವತಿ ಅಂದರೆ ಮುಧೋಳ. ಎರಡೂ ಒಂದು ಕಾಲಕ್ಕೆ ಸಂಸ್ಥಾನಗಳೇ ಆಗಿದ್ದುದರಿಂದ ಅಲ್ಲವೆನ್ನಲೂ ಬರಲಿಲ್ಲ. ನಾನು ಕಣ್ಣು ಮುಚ್ಚಿ ಎಷ್ಟು ದೂರ ಹಾರಿದರೂ ಮುಧೋಳದ ಬಸ್ ಸ್ಟ್ಯಾಂಡ್ ದಾಟುವುದಿಲ್ಲವೆಂದು ಆವತ್ತು ಗೊತ್ತಾಯಿತು.

ನನ್ನ ಗುಟ್ಟು ಗೊತ್ತಿದ್ದವಳು ಹೆಂಡತಿ ಮಹಾದೇವಿಯೊಬ್ಬಳೇ. ಪ್ರತಿ ಕಂತನ್ನೂ ಮೊದಲು ಓದಿ ತಪ್ಪು ತಿದ್ದುವವಳು ಅವಳು. ಅವಳ ತವರು ಮುಧೋಳ. ಈ ಸಂಗತಿಯನ್ನು ಲೇಖಕನಾಗಿ ನಾನು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿತ್ತು.

ಹದಿನಾಲ್ಕನೆಯ ಕಂತಿನಲ್ಲಿ ಯಾದಿ ಬಂತು. ಯಾದಿ ಎಂದರೆ ಹುಡುಗ ಹುಡುಗಿ ಒಪ್ಪಿಗೆಯಾದ ಮೇಲೆ ಎರಡೂ ಕಡೆಯ ಹಿರಿಯರು ಜಮಖಾನೆಯ ಮೇಲೆ ಕುಳಿತು, ಮದುವೆಯಲ್ಲಿ ಯಾರು ಏನು ಮಾಡಬೇಕು, ಯಾರಿಗೆ ಏನು ಕೊಡಬೇಕು ಎಂದು ಬರೆದು ಸಹಿ ಹಾಕುವ ಶಾಸ್ತ್ರ. ಬೇರೆ ಲೇಖಕರು ಅರಮನೆಯ ಮದುವೆಯಲ್ಲಿ ಸ್ವಯಂವರ, ಕತ್ತಿವರಸೆ ಏನೇನೋ ಇಡುತ್ತಾರೆ. ಯಾದಿಯಿಲ್ಲದೆ ಮದುವೆ ಮುಂದೆ ಹೇಗೆ ಹೋಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಆದ್ದರಿಂದ ನನ್ನ ಇಬ್ಬರು ಮಹಾರಾಜರೂ ಕಿರೀಟ ತೆಗೆದು ಪಕ್ಕಕ್ಕಿಟ್ಟು, ಚುನಮುರಿ ಸೂಸಲ ತಿಂದು, ಚಹಾ ಕುಡಿದು, ಯಾದಿ ಬರೆಸಿದರು. ನಂತರ ಬೀಗರಿಗೆ ಬಟ್ಟೆಬರೆ ಕೊಟ್ಟು ಗೌರವಿಸುವ ಆಹೇರಿ. ನಾನು ಹುಮ್ಮಸ್ಸಿನಲ್ಲಿದ್ದೆ. ಕುದುರೆಯ ಜೂಲಿಗೆ ಅರ್ಧ ಪುಟ, ಯುವರಾಜನ ರುಮಾಲಿಗೆ ಹನ್ನೊಂದು ಸಾಲು ಬರೆದೆ. ಕೊನೆಗೆ, ‘ಅಮೃತಾವತಿಯ ಮಹಾರಾಣಿಗೆ ಒಂದು ಸೀರೆ ಕೊಟ್ಟರು’ ಎಂದು ಬರೆದು ಕಂತು ಮುಗಿಸಿದೆ.

ಮಹಾದೇವಿ ರೊಟ್ಟಿ ಬಡಿಯುತ್ತ ಪಕ್ಕದಲ್ಲಿ ಮೊಬೈಲು ಒರಗಿಸಿಕೊಂಡು ಓದುತ್ತಿದ್ದಳು. ಬಡಿಯುವ ಸದ್ದು ನಿಂತಿತು.

"ರೀ, ಇಲ್ಲಿ ಬರ್ರಿ. ಒಂದು ಸೀರಿ ಅಂದ್ರ ಯಾವ ಸೀರಿ?"

"ಸೀರಿ ಅಂದ್ರ ಸೀರಿ. ಆಹೇರಿ ಸೀರಿ."

"ಬಣ್ಣ ಯಾವುದು? ದಡಿ ಹೆಂಗಿತ್ತು? ಕುದುರಿಗೆ ಅರ್ಧ ಪಾನ ಬರದೀರಿ. ಹುಡುಗಿ ಹಡದಾಕಿಗೆ ಒಂದ ಸಾಲೇನು?"

ಕಥೆಯ ಓಟ, ಕಲೆ, ಸಂಯಮ ಎಂದೆಲ್ಲ ನಾನು ಏನೋ ಹೇಳಿದೆ. ಅವಳು ಕೈ ತೊಳೆದು ಒಳಗೆ ಹೋಗಿ ನಮ್ಮ ಮದುವೆಯ ಆಲ್ಬಮ್ ತಂದು ನನ್ನ ಮುಂದೆ ಬಿಚ್ಚಿಟ್ಟಳು. ಅದರಲ್ಲಿ ಹೆಂಗಸರದೊಂದು ದೊಡ್ಡ ಫೋಟೋ ಇದೆ. ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದರೂ ಅದನ್ನು ನಾನು ನೋಡಿರಲಿಲ್ಲ ಎಂದು ಆಗ ತಿಳಿಯಿತು. ಸಾಲಾಗಿ ನಿಂತ ಹನ್ನೊಂದು ಮಂದಿ ಹೆಂಗಸರು ಒಂದೇ ಬದನೆಕಾಯಿ ಬಣ್ಣದ, ಅಂಚಿನ ದಡಿಯೂ ಒಂದೇ ಆದ ಸೀರೆ ಉಟ್ಟಿದ್ದರು. ಬನಹಟ್ಟಿಯಲ್ಲಿ ಬಟ್ಟೆ ವ್ಯಾಪಾರವಿದ್ದ ನಮ್ಮ ಕಾಕಾ ಒಂದೇ ಗಂಟು ಸೀರೆ ತಂದು ಎಲ್ಲರಿಗೂ ಹಂಚಿದ್ದ. ಕಾಕಾನ ಪರಿಚಯದವರ ಪಕ್ಕದ ಮನೆಯವಳಿಗೂ ಅದೇ. ನಾಲ್ಕನೆಯವಳಾಗಿ ಕೈಕಟ್ಟಿ ನಿಂತ ನನ್ನ ಅತ್ತೆಗೂ ಅದೇ.

"ಇದರಾಗ ಬೀಗ್ತಿ ಯಾರು, ಹೇಳ್ರಿ ನೋಡೂಣು," ಎಂದಳು. ಗೊತ್ತಿಲ್ಲದವನು ಹೇಳಲು ಸಾಧ್ಯವೇ ಇರಲಿಲ್ಲ.

"ಇಷ್ಟ ವರ್ಷ ಯಾಕ ಸುಮ್ಮನಿದ್ದಿ?"

"ಹೇಳಿದ್ರ ಕಾಕಾನ ಮ್ಯಾಲ ಹಾಕತಿದ್ರಿ. ಈ ಸಲ ಕಾಕಾ ಇಲ್ಲ. ಬರದಾವರು ನೀವ ಅದೀರಿ."

ಸಿಕ್ಕಿಬಿದ್ದಾಗ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ಸಿಟ್ಟಿಗೆದ್ದು, ತಿದ್ದದೆಯೇ ಕಂತನ್ನು ಹಾಕಿಬಿಟ್ಟೆ.

ಆಮೇಲಿನ ಹದಿನೈದು ದಿನ ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ. ಜಗಳವಾಗಿದ್ದರೆ ಒಳ್ಳೆಯದಿತ್ತು. ರೊಟ್ಟಿಯ ಜೊತೆ ಬರುತ್ತಿದ್ದ ಎಣ್ಣೆಗಾಯಿ ಪಲ್ಯ ನಿಂತು ಶೇಂಗಾ ಚಟ್ನಿ ಮಾತ್ರ ಬರತೊಡಗಿತು. ಕೇಳಿದರೆ, "ಬದನೀಕಾಯಿ ತರೂದ ಬಿಟ್ಟೀನ್ರಿ," ಎಂಬ ಉತ್ತರ. ನನ್ನ ಕಂತುಗಳನ್ನು ಓದುವುದನ್ನೂ ಬಿಟ್ಟಳು. ತಿದ್ದುವವರಿಲ್ಲದೆ ಹದಿನಾರನೆಯ ಕಂತಿನಲ್ಲಿ ನನ್ನ ರಾಜಕುಮಾರಿ ಒಂದೇ ಪುಟದಲ್ಲಿ ಎರಡು ಸಲ ಮೂರ್ಛೆ ಹೋದಳು, ನಡುವೆ ಎದ್ದದ್ದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ಓದುಗರಂತೂ ಎರಡು ಪಕ್ಷವಾಗಿ ಹೋದರು. ಬೀಳಗಿಯ ಒಬ್ಬ ತಾಯಿ, ‘ಬೀಗಿತ್ತಿಗೆ ಮರ್ಯಾದೆ ಇಲ್ಲದ ಮನೆಗೆ ನಾವಾದರೆ ಹೆಣ್ಣು ಕೊಡುವುದಿಲ್ಲ, ಯಾದಿ ಹರಿಯಿರಿ’ ಎಂದು ಬರೆದಳು. ರಬಕವಿಯ ನೇಕಾರರೊಬ್ಬರು ಸೀರೆಗೆ ಹಾಕಿದ್ದು ಯಾವ ನಂಬರಿನ ನೂಲು ಎಂದು ವಿಚಾರಿಸಿದರು. ‘ನೀಲವೇಣಿ ಅಕ್ಕಾ, ನೀವೂ ಹೆಣ್ಣಲ್ಲವೇ?’ ಎಂದು ಗಲಗಲಿಯ ಹುಡುಗಿಯೊಬ್ಬಳು ಕೇಳಿದಾಗ ಮೊಬೈಲನ್ನು ಬೋರಲು ಹಾಕಿದೆ.

ಕೊನೆಗೆ ಸೋತು ಹೊಸ ಕಂತು ಬರೆದೆ. ವಜ್ರಪುರದ ಮಹಾರಾಜನಿಗೆ ತಪ್ಪಿನ ಅರಿವಾಗಿ, ನೂರು ಗಂಧರ್ವ ನೇಕಾರರಿಂದ ಬೆಳದಿಂಗಳ ಎಳೆಯಲ್ಲಿ ಸೀರೆ ನೇಯಿಸಿ ಬೀಗಿತ್ತಿಗೆ ಕಳಿಸುತ್ತಾನೆ. ಒಂದೂವರೆ ಪುಟ. ಕುದುರೆಗಿಂತ ಒಂದು ಪುಟ ಹೆಚ್ಚು. ಮಹಾದೇವಿಯ ಮುಂದೆ ಹಿಡಿದೆ. ಅವಳು ಪೂರ್ತಿ ಓದಿದಳು.

"ಛಲೋ ಬರದೀರಿ. ಒಗದ್ರ ಬಣ್ಣ ಹೋಗೂದಿಲ್ಲೇನು ಇದು?"

"ಬೆಳದಿಂಗಳ ಸೀರಿ ಯಾರ ಒಗೀತಾರ?"

"ಅದ ಮತ್ತ. ಉಡೂದಕ್ಕ ಬರೂದಿಲ್ಲ, ಒಗಿಯೂದಕ್ಕ ಬರೂದಿಲ್ಲ. ಮಹಾರಾಣಿಗೆ ಮುಟ್ಟಿತು. ನಮ್ಮವ್ವಗ ಏನ ಮುಟ್ಟಿತು?"

ಹೇಳುವಾಗ ಅವಳ ಕಣ್ಣು ತುಂಬಿತ್ತು. ಅದುವರೆಗೆ ನಾನು ಇದನ್ನೆಲ್ಲ ಮನಸ್ಸಿನಲ್ಲೇ ನಗೆಯಾಡಿಕೊಂಡಿದ್ದೆ. ಆ ಕಣ್ಣು ನೋಡಿ ನಗು ಹೋಯಿತು. ನನ್ನ ಮನೆಯವರು ತನ್ನ ತಾಯಿಗೆ ಮಾಡಿದ ಅಸಡ್ಡೆಯನ್ನು ಇಷ್ಟು ವರ್ಷ ಒಳಗಿಟ್ಟುಕೊಂಡು ಇವಳು ನನಗೆ ಎಣ್ಣೆಗಾಯಿ ಮಾಡಿ ಹಾಕಿದಳಲ್ಲ ಎನ್ನಿಸಿ ಸಂಕಟವಾಯಿತು. ಅತ್ತೆಗೆ ಈಗ ಎಪ್ಪತ್ತೆಂಟು. ಕೊಡುವುದಿದ್ದರೆ ಈಗಲೇ ಕೊಡಬೇಕು.

ಮರುದಿನವೇ ಅಂಗಡಿ ಮುಚ್ಚಿ ರಬಕವಿಗೆ ಹೋದೆ. ನನಗೆ ಗುರುತಿದ್ದ ಗುರಪ್ಪನವರು ಇನ್ನೂ ಕೈಮಗ್ಗ ಬಿಟ್ಟಿಲ್ಲ. ಮಗನ ಪವರ್‌ಲೂಮು ಆಚೆ ಕೋಣೆಯಲ್ಲಿ ಗದ್ದಲ ಮಾಡುತ್ತಿದ್ದರೆ, ಈಚೆ ಅವರು ತಮ್ಮ ಪಾಡಿಗೆ ಲಾಳಿ ಒಗೆಯುತ್ತ ಕುಳಿತಿರುತ್ತಾರೆ.

"ಯಾರಿಗ್ರಿ ಸೀರಿ?"

"ಅತ್ತಿಗೆ. ಆಹೇರಿದು."

"ಲಗ್ನ ಯಾವಾಗೈತಿ?"

"ಆಗೇತ್ರಿ. ಇಪ್ಪತ್ತಾರು ವರ್ಷ ಆತು."

ಗುರಪ್ಪನವರು ಕೈ ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದರು. "ಹಂಗಾರ ಅವಸರ ಐತಿ," ಎಂದು ಎದ್ದು ಒಳಗಿನಿಂದ ಕೆಂಪು ದಡಿಯ ಗಿಣಿಹಸಿರು ಸೀರೆಯೊಂದನ್ನು ತಂದು ತೊಡೆಯ ಮೇಲೆ ಹರವಿದರು. ಒಂದೂವರೆ ಪುಟ ಬರೆದೂ ನನಗೆ ಹೇಳಲಾಗದ್ದು ಅದರಲ್ಲಿತ್ತು.

ರವಿವಾರ ಇಬ್ಬರೂ ಮುಧೋಳದ ಬಸ್ಸು ಹತ್ತಿದೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅತ್ತೆಯ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿದೆ. ಆಶ್ಚರ್ಯವೆಂದರೆ ಆ ಭಾಷಣದಲ್ಲಿ ಕಾಕಾನ ಹೆಸರು ಐದಾರು ಸಲ ಬಂತು.

ಅತ್ತೆ ಪಡಸಾಲೆಯಲ್ಲಿ ಕೌದಿ ಹಾಸಿ ಕೂರಿಸಿದರು. ಮಹಾದೇವಿ ಅವರಿಗೆ ಕುಂಕುಮ ಹಚ್ಚಿದಳು, ನಾನು ತೆಂಗಿನಕಾಯಿಯೊಂದಿಗೆ ಸೀರೆ ಕೊಟ್ಟು ಕಾಲು ಮುಟ್ಟಿದೆ. ಅತ್ತೆ ಸೀರೆಯ ಅಂಚನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಭಾಳ ಛಲೋ ಐತ್ರಿ. ಯಾಕ, ಏನ್ ವಿಶೇಷ?" ಎಂದರು. ನಾನು ಭಾಷಣ ಶುರುಮಾಡಿದೆ. ಕಾಕಾ ಇನ್ನೂ ಎರಡನೆಯ ಸಲ ಬರುವುದರೊಳಗೆ ಅವರು ನಗತೊಡಗಿದರು.

"ಆ ಬದನೀಕಾಯಿ ಬಣ್ಣದ್ದೇನು? ಅದನ್ನ ಹತ್ತ ವರ್ಷ ಉಟ್ಟೇನ್ರಿ. ಗಟ್ಟಿ ಸೀರಿ ಅದು. ಆಮ್ಯಾಲ ಕೌದಿಗೆ ಹಚ್ಚಿದ್ನಿ. ನೀವು ಕುಂತೀರಲ್ಲ, ಇದ ಕೌದಿ."

ಎದ್ದು ನೋಡಿದೆ. ನಿಜವಾಗಿಯೂ ನಡುವೆ ಬದನೆಕಾಯಿ ಬಣ್ಣದ ದೊಡ್ಡ ತುಂಡು. ಮುಧೋಳಕ್ಕೆ ಬಂದಾಗಲೆಲ್ಲ, ಮೆತ್ತಗಿದೆಯೆಂದು ನಾನು ಕೇಳಿ ಹೊದೆಯುತ್ತಿದ್ದ ಕೌದಿ ಅದು.

"ಯವ್ವಾ, ನಿನಗ ಬ್ಯಾಸರ ಆಗಿತ್ತಲ್ಲ ಆವಾಗ. ಅಡಗಿಮನ್ಯಾಗ ಕುಂತ ಅತ್ತಿದ್ದಿ," ಎಂದಳು ಮಹಾದೇವಿ.

"ಸೀರಿಗೆ ಯಾರ ಅಳತಾರ?" ಅತ್ತೆ ಸೀರೆಯನ್ನು ಮಡಚುತ್ತ, ನನ್ನ ಕಡೆ ನೋಡದೆ ಹೇಳಿದರು: "ಆವತ್ತ ನಿನ್ನ ಕರಕೊಂಡು ಹೊಂಟ್ರಲ್ಲ, ನಾ ಕರಚೀಕಾಯಿ ಬುತ್ತಿ ಹಿಡಕೊಂಡು ಬಾಗಲದಾಗ ನಿಂತಿದ್ನಿ. ಎಲ್ಲಾರೂ ಹೇಳಿ ಹ್ವಾದ್ರು. ಇವರು ಗಾಡಿ ಮುಂದಿನ ಸೀಟಿನ್ಯಾಗ ಹತ್ತಿ ಕುಂತ್ರು. ಅತ್ತಿ, ಹೋಗಿ ಬರತೀನಿ ಅಂತ ಒಂದ ಮಾತ ಅನಲಿಲ್ಲ. ಮಗಳನ್ನ ಎಂಥಾವರ ಕೈಯಾಗ ಕೊಟ್ನೆಪಾ ಅಂತ ಅತ್ನಿ. ಹೋಗ್ಲಿ ಬಿಡು, ಚಹಾ ಮಾಡತೀನಿ."

ಪಡಸಾಲೆಯಲ್ಲಿ ನಾನು, ಮಹಾದೇವಿ, ಆ ಕೌದಿ. ಕಾಕಾ ಎಲ್ಲೂ ಇರಲಿಲ್ಲ. ಆ ದಿನ ನನಗೆ ಮುಂದಿನ ಸೀಟು ಸಿಗಬೇಕೆಂಬುದೊಂದೇ ಚಿಂತೆಯಾಗಿತ್ತೆಂದು ಈಗ ನೆನಪಾಯಿತು. ಇಷ್ಟು ನಾಚಿಕೆ ನನಗೆ ಇತ್ತೀಚೆಗೆ ಆದದ್ದಿಲ್ಲ. ಸಂಜೆ ಹೊರಡುವಾಗ ಬಾಗಿಲಲ್ಲಿ ನಿಂತು, "ಅತ್ತಿ, ಹೋಗಿ ಬರತೀನ್ರಿ," ಎಂದೆ. "ಆತ್ರಿ, ಹೋಗಿ ಬರ್ರಿ," ಎಂದು ಅವರು ನನ್ನ ಕೈಗೆ ಒಂದು ತಿಂಡಿಯ ಡಬ್ಬಿ ಕೊಟ್ಟರು. ಕರಚೀಕಾಯಿ.

ಮರುದಿನ ಅಂಗಡಿಯಲ್ಲಿ ಕುಳಿತು ನನ್ನ ಹದಿನೈದನೆಯ ಕಂತು ತೆಗೆದು ನೋಡಿದೆ. ಯುವರಾಜ ವಿಕ್ರಾಂತ ರಾಜಕುಮಾರಿಯನ್ನು ಹಾರುವ ಕುದುರೆಯ ಮೇಲೆ ಕೂರಿಸಿಕೊಂಡು ಮೋಡಗಳ ನಡುವೆ ಹೋಗುತ್ತಾನೆ. ಮೋಡಕ್ಕೇ ಒಂದು ಪುಟ ಕೊಟ್ಟಿದ್ದೆ. ಮಹಾರಾಣಿ ಬಾಗಿಲಲ್ಲಿ ನಿಂತೇ ಇದ್ದಳು. ಅವಳಿಗೆ ಅವನೂ ಒಂದು ಮಾತು ಹೇಳಿರಲಿಲ್ಲ. ಸೀರೆಯ ಗದ್ದಲದಲ್ಲಿ ಇದನ್ನು ಯಾವ ಓದುಗರೂ ಗಮನಿಸಿರಲಿಲ್ಲ, ಬರೆದವನೂ ಗಮನಿಸಿರಲಿಲ್ಲ. ಕೂಡಲೇ ಕುದುರೆಯನ್ನು ಆಕಾಶದಿಂದ ಕೆಳಗಿಳಿಸಿದೆ. ಯುವರಾಜ ಇಳಿದು, ರುಮಾಲು ತೆಗೆದು, ಮಹಾರಾಣಿಯ ಕಾಲು ಮುಟ್ಟಿ, "ಅತ್ತಿ, ಹೋಗಿ ಬರತೀನ್ರಿ," ಎಂದ. ಅಷ್ಟು ದಿನ ಗ್ರಂಥದ ಭಾಷೆ ಮಾತಾಡಿದವನು ಇದೊಂದು ಮಾತನ್ನು ಅಪ್ಪಟ ಜಮಖಂಡಿ ಧಾಟಿಯಲ್ಲಿ ಆಡಿದ. ನಾನು ತಿದ್ದಲು ಹೋಗಲಿಲ್ಲ, ಹಾಗೆಯೇ ಕಂತು ಹಾಕಿಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಹೋದಾಗ ರೊಟ್ಟಿಯ ಪಕ್ಕ ಎಣ್ಣೆಗಾಯಿ ಇತ್ತು. ತಿನ್ನುತ್ತ ಓದುಗರ ಅಭಿಪ್ರಾಯ ನೋಡಿದೆ. ಬೀಳಗಿಯ ಆ ತಾಯಿಯದೇ ಮೊದಲನೆಯದು: ‘ನೀಲವೇಣಿ ತಂಗಿ, ಕಣ್ಣಲ್ಲಿ ನೀರು ಬಂತು. ಆದರೆ ಕುದುರೆ ಹಾರಿದ್ದನ್ನು ಬೇಕಾದರೆ ನಂಬುತ್ತೇನೆ, ಇಂಥ ಅಳಿಯ ಮಾತ್ರ ಕಾದಂಬರಿಯಲ್ಲೇ ಸಿಗುವುದು.’ ಅದರ ಕೆಳಗೆ ಆಗಲೇ ಒಬ್ಬರು ಮೆಚ್ಚುಗೆ ಒತ್ತಿದ್ದರು. ಯಾರೆಂದು ನೋಡಿದೆ. ಎದುರಿಗೆ ಕುಳಿತು ನನಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.