ಹಾಲು ಸೀಯಿಸಿದ್ದು ಯಾರು?

ದಿಂಬಿನ ಕಾರ್ಖಾನೆಯಲ್ಲಿ ಅಂದು ಯಾವ ದಿಂಬೂ ಗವಸಿನೊಳಗೆ ಹೋಗಲೊಲ್ಲದು. ಹೊಟ್ಟೆ ಬಂದ ಮಾವನಿಗೆ ಮದುವೆ ಕಾಲದ ಪ್ಯಾಂಟು ತೊಡಿಸುವವನಂತೆ ಹೂಂ ಅಣ್ಣ ಒಂದೊಂದನ್ನೂ ಮೊಣಕಾಲಲ್ಲಿ ಒತ್ತಿ ತುರುಕುತ್ತಿದ್ದ. ಯಾರು ಏನೆಂದರೂ ‘ಹೂಂ’ ಅನ್ನುವುದರಿಂದ ಅವನಿಗೆ ಆ ಹೆಸರು. ಗವಸುಗಳೆಲ್ಲ ಗೇಣುದ್ದ ಚಿಕ್ಕವು. ಅಳತೆ ಕೊಟ್ಟವರು ಯಾರೆಂದರೆ ಎಲ್ಲರೂ ಛಾವಣಿ ನೋಡುತ್ತಿದ್ದರು.

ಸಾಲದ್ದಕ್ಕೆ ಮ್ಯಾನೇಜರಿಗೆ ನಾಯಕತ್ವದ ಹುಚ್ಚು ಹಿಡಿದಿತ್ತು. ಊಟವಾದ ಮೇಲೆ ಒಬ್ಬೊಬ್ಬರೂ ಬದುಕಿನಿಂದ ಕಲಿತ ಪಾಠ ಹೇಳಬೇಕು. ಚೆನ್ನಾಗಿ ಹೇಳಿದವರಿಗೆ ಮೇಲ್ವಿಚಾರಕರ ಕುರ್ಚಿ. ಕುರ್ಚಿ ಎಂದೊಡನೆ ಹೂಂ ಅಣ್ಣನ ಮೊಣಕಾಲು ಚುಳುಕ್ಕೆಂದಿತು. “ಒಂದಿನ ನೀವು ಕೂತ್ಕೊಂಡು ಕೆಲಸ ಮಾಡೋದನ್ನ ನೋಡ್ಬೇಕು ಕಣ್ರೀ” ಅನ್ನುತ್ತಿದ್ದಳು ಹೆಂಡತಿ. ನೋಡದೆಯೇ ತೀರಿಹೋಗಿದ್ದಳು.

“ಬೆಟ್ಟ ಹತ್ತಿದ್ದು ಹೇಳು” ಎಂದಳು ಹೊಲಿಗೆ ಅಕ್ಕ.

“ಹತ್ತೇ ಇಲ್ವಲ್ಲಕ್ಕಾ?”

“ಮ್ಯಾನೇಜರ್ ಬಂದು ನೋಡಿದ್ರಾ?”

“ಹುಲಿ ಓಡಿಸ್ದೆ ಅನ್ನು. ಅದ್ರಲ್ಲಿ ಕಾಲ್ನೋವು ಕಮ್ಮಿ” ಎಂದ ಲಾರಿ ಡ್ರೈವರ್.

ಎರಡಕ್ಕೂ ‘ಹೂಂ’.

ಎದ್ದು ನಿಂತಾಗ ಬೆಟ್ಟ, ಹುಲಿ ಎರಡೂ ಪರಾರಿ. ಬಾಯಿಗೆ ಬಂದದ್ದು ಅಡುಗೆಮನೆ.

“ನಾನು ಹಾಲಿಟ್ಟು ಮರ್ತು ಸೀಯಿಸ್ತಿದ್ದೆ ಸಾರ್. ಅಮ್ಮ ರೇಗೋರು. ನನ್ನ ಹೆಂಡ್ತಿ ಓಡ್ಬಂದು ‘ನಾನೇ ಅತ್ತೆ, ನಾನೇ ಮರ್ತೆ’ ಅನ್ನೋಳು. ಆಮೇಲೆ ಪಾತ್ರೆ ನನ್ ಕೈಗಿಟ್ಟು, ‘ಉಜ್ಜಿ, ಯಜಮಾನ್ರೇ’ ಅನ್ನೋಳು. ಹೋದ ವಾರಾನೂ ಸೀದೋಯ್ತು. ಯಾರು ಸೀಯಿಸಿದ್ದು ಅಂತ ಅಮ್ಮ ಕೇಳ್ಲೇ ಇಲ್ಲ. ಸುಮ್ನೆ ಅತ್ರು.”

ಚಿಕ್ಕ ಗವಸಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು. ಲಾರಿ ಡ್ರೈವರ್ ಅದರಲ್ಲೇ ಮೂಗೊರೆಸಿಕೊಂಡ.

“ಇದಪ್ಪಾ ನಾಯಕತ್ವ!” ಮ್ಯಾನೇಜರ್ ಚಪ್ಪಾಳೆ ತಟ್ಟಿದ. “ತಪ್ಪು ಯಾರದ್ದೇ ಆಗ್ಲಿ, ನಂದು ಅನ್ನೋನೇ ಲೀಡರ್. ಬನ್ನಿ, ಕೂತ್ಕೊಳ್ಳಿ!”

ಹೂಂ ಅಣ್ಣ ಕೂತ. ಬಾಗಿಲಲ್ಲಿ ಯಾರಾದರೂ ನಿಂತು ನೋಡುತ್ತಿದ್ದಾರೇನೋ ಎಂದು ಒಮ್ಮೆ ತಿರುಗಿದ. ಯಾರೂ ಇರಲಿಲ್ಲ.

ಸಂಜೆ ಧಣಿ ಬಂದರು, ಕೈಯಲ್ಲೊಂದು ಗವಸು. “ಈ ಅಳತೆ ಕೊಟ್ಟ ಮಹಾನುಭಾವ ಯಾರು?”

ತನ್ನ ಮನೆಯ ಕೂಸಿನ ದಿಂಬು ಅಳೆದು ಆ ಅಳತೆ ಕೊಟ್ಟಿದ್ದ ಮ್ಯಾನೇಜರ್, ಕುರ್ಚಿಯ ಬೆನ್ನಿಗೆ ಮೆತ್ತಗೆ ಕೈಯಿಟ್ಟ. “ಮೇಲ್ವಿಚಾರಕರು ಇವ್ರೇ ಸಾರ್. ಜವಾಬ್ದಾರಿ ಹೊರೋದ್ರಲ್ಲಿ ಎತ್ತಿದ ಕೈ.”

“ಹೌದೇನ್ರೀ?”

ಬಾಯಿ ತಡೆಯುವಷ್ಟರಲ್ಲಿ ಬಂದೇಬಿಟ್ಟಿತ್ತು: “ಹೂಂ.”

“ಹಾಗಾದ್ರೆ ನಾಳೆಯಿಂದ ಮನೇಲೇ ಕೂತ್ಕೊಳ್ಳಿ!”

ಮನೆಗೆ ಬಂದರೆ ಸೀದ ವಾಸನೆ. ಇಡೀ ದಿನ ಒಬ್ಬಳೇ ಇದ್ದ ಅಮ್ಮ, ಕಪ್ಪಾದ ಪಾತ್ರೆ ಹಿಡಿದು ಬೆದರಿ ನಿಂತಿದ್ದಳು. “ಹಾಲು ಸೀದೋಯ್ತಲ್ಲೋ... ಯಾರಿಟ್ರೋ ಇದನ್ನ?”

“ನಾನೇ ಅಮ್ಮ, ನಾನೇ ಮರ್ತೆ” ಎಂದು ಪಾತ್ರೆ ಇಸಿದುಕೊಂಡ. ಚೀಲವನ್ನೂ ಇಳಿಸದೆ, ನಿಂತುಕೊಂಡೇ ಉಜ್ಜತೊಡಗಿದ.