ನಿಂತ ಗಾಡಿಯ ನೂರಾ ಇಪ್ಪತ್ತು

ಮೇ ಹದಿನಾಲ್ಕು, ಬುಧವಾರ. ಮೋಡವಿಲ್ಲ, ಬೆಳಿಗ್ಗೆ ಹತ್ತಕ್ಕೇ ನಟ್ಟು ತಿರುವುವ ಪಾನಾ ಮುಟ್ಟಿದರೆ ಕೈ ಸುಡುತ್ತಿತ್ತು.

ಗಾಡಿಗಳ ವೈರಿಂಗ್ ಕೆಲಸದ ಅಂಗಡಿ ಮುಂದೆ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ಅಫಜಲಪುರದಲ್ಲಿ ಇಪ್ಪತ್ತೈದು ವರ್ಷ ಅದು ನನ್ನ ಅಂಗಡಿ ಮುಂದೆ ನಡೆಯಿತು. ಹೋದ ವರ್ಷದಿಂದ ಎದುರಿನವನ ಅಂಗಡಿ ಮುಂದೆ ನಡೆಯುತ್ತಿದೆ. ಅವ ಆಳಂದದಿಂದ ಲ್ಯಾಪ್‌ಟಾಪ್ ಹಿಡಿದು ಬಂದವ. ನನಗಿಂತ ಇಪ್ಪತ್ತು ವರ್ಷ ಸಣ್ಣವ. ನನ್ನನ್ನು ಕಾಕಾ ಅನ್ನುತ್ತಾನೆ. ಅದನ್ನೂ ನಾನು ಮರೆತಿಲ್ಲ.

೧. ಯಾವ ಬಸ್ಸು?

ಈಗಿನ ಗಾಡಿಯೊಳಗೆ ಎರಡು ತಂತಿ ಹೆಣೆದುಕೊಂಡು ಓಡುತ್ತವೆ. ಬಾಗಿಲು, ದೀಪ, ಮೀಟರು ಎಲ್ಲ ಅದರ ಮೇಲೇ ಮಾತಾಡಿಕೊಳ್ಳುತ್ತವೆ. ಅದಕ್ಕೆ ಬಸ್ ಎಂದು ಹೆಸರು. ಲ್ಯಾಪ್‌ಟಾಪ್ ಸಿಕ್ಕಿಸಿ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ನಾವೂ ನಡುವೆ ಬಾಯಿ ಹಾಕಬಹುದು.

ಗೊಬ್ಬೂರಿನ ರೈತರೊಬ್ಬರ ಕಾರಿನ ಬಾಗಿಲು ಲಾಕ್ ಆಗುತ್ತಿರಲಿಲ್ಲ. ಎದುರಿನವ, "ಎರಡು ಮಿನಿಟ್ ನಿಂದರ್ರಿ, ಬಸ್ ಮ್ಯಾಲ ಮೆಸೇಜ್ ಕಳಸ್ತೇನಿ" ಎಂದ.

"ಎರಡು ಮಿನಿಟಿನ್ಯಾಗ ಯಾವ ಬಸ್ ಅದರೀ? ಜೇವರ್ಗಿದು ಹೋಗಿ ತಾಸಾತು."

ರಸ್ತೆಯ ಈಚೆ ಕೂತು ಮನಸಾರೆ ನಕ್ಕೆ. ಅಷ್ಟರಲ್ಲಿ ನಾಲ್ಕೂ ಬಾಗಿಲು ಟಕ್ ಎಂದವು. ಮರುವಾರ ಆ ರೈತರು ತಮ್ಮನ ಕಾರನ್ನೂ ತಂದರು. ನನ್ನ ಅಂಗಡಿ ಮುಂದೆ ನಿಧಾನ ಮಾಡಿ, ನನಗೆ ನಮಸ್ಕಾರ ಹೇಳಿ, ಆ ಕಡೆ ತಿರುಗಿಸಿದರು.

೨. ಒಂದು ಸಾಲು

ಮನೆಯಲ್ಲಿ ಇದನ್ನು ಹೇಳಬಾರದಿತ್ತು.

"ಒಂದು ಸಾಲು ಬರದ್ರ ಗಾಡಿ ಮಾತು ಕೇಳ್ತದೇನ್ರಿ?" ಎಂದಳು ಹೆಂಡತಿ.

"ಹೂಂ."

"ನೀವು ಇಷ್ಟು ವರ್ಷದಾಗ ನನಗ ಒಂದು ಸಾಲು ಬರದಿಲ್ಲ. ಬರದು ನೋಡ್ರಿ. ನಾನೂ ಕೇಳಿದ್ರ ಕೇಳೇನು."

ನಾನು ಹಳೆಯ ಲ್ಯಾಪ್‌ಟಾಪ್ ಕೊಂಡೆ, ಪುಸ್ತಕ ತರಿಸಿದೆ. ಬಸ್ ಮೇಲಿನ ಪ್ರತಿ ಮಾತಿಗೂ ಒಂದು ನಂಬರು; ಇಬ್ಬರು ಒಮ್ಮೆಲೇ ಮಾತಾಡಿದರೆ ಸಣ್ಣ ನಂಬರಿನವನ ಮಾತೇ ನಡೆಯುತ್ತದೆ, ದೊಡ್ಡ ನಂಬರಿನವ ಸುಮ್ಮನಾಗಬೇಕು ಎಂದು ಅದರಲ್ಲಿತ್ತು. ಇಲ್ಲೂ ಸಣ್ಣವನದೇ ನಡೆಯುತ್ತದಲ್ಲ ಎಂದು ಪುಸ್ತಕ ಮುಚ್ಚಿ ಎರಡು ದಿನ ತೆರೆಯಲಿಲ್ಲ.

೩. ಸಾವಕಾಶ

ಆ ಬುಧವಾರ ಅತನೂರ ಸಾವ್ಕಾರರು ಫೋನ್ ಮಾಡಿದರು. "ಸ್ಪೀಡಿನ ಮುಳ್ಳು ಏಳವಲ್ದು. ನಿಮಗ ಆಗಲಿಲ್ಲಂದ್ರ ಎದುರಿನವನ ಕಡಿ ತೋರಸ್ತೇನಿ."

ಅವರು ನನ್ನ ಮೊದಲ ಗಿರಾಕಿ. ಅವರೂ ರಸ್ತೆ ದಾಟಿದರೆ ನಾನು ಶಟರ್ ಎಳೆದಂತೆ.

ಅವರು ತಂದ ಕಾರಿನ ಹಿಂದಿನ ಸೀಟಿನಲ್ಲಿ ಅವರ ತಾಯಿ ಇದ್ದರು. ಮುಳ್ಳು ಅರವತ್ತು ದಾಟಿದರೆ ಮಗನನ್ನು ಬೈಯುವುದು ಅವರ ಕೆಲಸ, ಕೆಲಸವಿಲ್ಲದೆ ಬೇಸತ್ತಿದ್ದರು. ನಾನು ಲ್ಯಾಪ್‌ಟಾಪ್ ಸಿಕ್ಕಿಸಿ ಮೊದಲ ಸಾಲು ಕಳಿಸಿದೆ. ಆ ಬಿಸಿಲಿನಲ್ಲಿ ವೈಪರ್ ಆಡತೊಡಗಿತು. ಸಾವ್ಕಾರರು ಕುತ್ತಿಗೆ ಚಾಚಿ ಆಕಾಶ ನೋಡಿದರು. ಎದುರಿನವ ಕುರ್ಚಿ ಮೇಲೆ ಹತ್ತಿ ನಮ್ಮನ್ನು ನೋಡಿದ.

ನಂಬರ್ ತಿದ್ದಿ ಮತ್ತೆ ಕಳಿಸಿದೆ. ಮುಳ್ಳು ಒಮ್ಮೆಲೇ ನೂರಾ ಇಪ್ಪತ್ತಕ್ಕೆ ಹಾರಿತು.

"ಲೇ, ಸಾವಕಾಶ ಹೊಡಿಯೋ!" ಹಿಂದಿನಿಂದ ಚೀರಿದರು ತಾಯಿ.

"ಅವ್ವಾ, ಗಾಡಿ ನಿಂತದ!"

"ನಿಂತಾಗ ಇಷ್ಟಂದ್ರ ಓಡುವಾಗ ಎಷ್ಟು ಹೊಡೀತಿದ್ದಿ?"

ಮೀಟರು ಸರಿ ಇದೆ ಎಂದು ಗೊತ್ತಾಯಿತು. ಚಕ್ರದ ಹತ್ತಿರ ಇಲಿ ಕಡಿದಿದ್ದ ತಂತಿ ಕೂಡಿಸಿದೆ. ಅವರು ಒಂದು ಸುತ್ತು ಹೊಡೆದು ಬಂದರು. ಮುಳ್ಳು ಎದ್ದಿತ್ತು, ತಾಯಿ ಬೈಯುತ್ತಿದ್ದರು.

"ಇನ್ನ ಮ್ಯಾಲ ಇಲ್ಲೇ ತರ್ಬೇಕು ನೋಡಪಾ" ಎಂದು ಮಗನಿಗೆ ಹೇಳಿ, ನನ್ನ ಕಡೆ ತಿರುಗಿದರು. "ನಿಂತ ಗಾಡಿ ಹೆಂಗ ಓಡಿಸಿದಿ, ತಮ್ಮಾ?"

ನಾನು ಹೆಚ್ಚು ಮಾತಿನವನಲ್ಲ. "ಬಸ್ ಮ್ಯಾಲ ಮೆಸೇಜ್ ಕಳಿಸಿದೆ, ಅವ್ವಾ."

ತಾಯಿ ಮಗನ ಕಿವಿಯಲ್ಲಿ ಏನೋ ಹೇಳಿದರು. ಸಾವ್ಕಾರರು ನನ್ನ ಮುಖ ನೋಡದೆ ಕೈಗೆ ದುಡ್ಡು ಕೊಟ್ಟು ಹೊರಟರು.

ಎದುರಿನವ ಮೊದಲ ಸಲ ರಸ್ತೆ ದಾಟಿ ಬಂದ. ಮುಖ ಸಣ್ಣದಾಗಿತ್ತು; ನೋಡಿ ನನಗೆ ತಂಪಾಯಿತು.

"ಸಾವ್ಕಾರ್ರು ಭಾರಿ ಕೊಟ್ಟಿರಬೇಕಲ್ಲ, ಕಾಕಾ? ಎಷ್ಟು?"

ಮುಷ್ಟಿ ಬಿಚ್ಚಿದೆ. "ಕೆಲಸ ಮಾಡಿದ್ದು ಬಸ್ ಅಂತ ತಿಳಕೊಂಡು, ಅತನೂರತನಕ ಬಸ್ ಚಾರ್ಜು ಕೊಟ್ಟಾರ."

ಅವ ಎಣಿಸಿ ನೋಡಿದ. "ಇದು ಒಬ್ಬರದಷ್ಟೇ ಅದ. ಅವರು ಇಬ್ಬರಿದ್ರಲ್ಲ?"

"ಹೆಣ್ಣಮಕ್ಕಳಿಗಿ ಫ್ರೀ ಅದಲ್ಲ."